ಎಡಗಡೆಯ ಚಕ್ರ

“ಆ ಸ್ಟೂಲ್ ಮೇಲೆ ಕೂರ್ಬೇಡ ಚಿಕ್ಕಮ್ಮಾ!” ಎಂದು ಬ್ಯಾಗಕ್ಕ ಕೂಗುವಷ್ಟರಲ್ಲಿ ಪತ್ತೆ ಚಿಕ್ಕಮ್ಮ ಕೂತೂ ಆಗಿತ್ತು, ಬಿದ್ದೂ ಆಗಿತ್ತು.

ವಿಮಾ ಕಂಪನಿಗಾಗಿ ಸುಟ್ಟ ಗೋದಾಮು, ಮುಳುಗಿದ ಸರಕು ನೋಡುತ್ತ, ಜನರ ಸುಳ್ಳನ್ನು ಸೋಸಿ ಸೋಸಿ ನಿವೃತ್ತಳಾದ ಹೆಂಗಸು ಅವಳು. ಅಂಥವಳಿಗೆ ಒಂದು ಕುಂಟು ಸ್ಟೂಲು ಟೋಪಿ ಹಾಕಿತ್ತು. ಎಲ್ಲಿಗೆ ಹೋದರೂ ತೋರಿಸಿದ ಕುರ್ಚಿ ಬಿಟ್ಟು ಬೇರೆಯದರಲ್ಲಿ ಕೂರುವುದು ಅವಳ ಹಳೆಯ ಚಾಳಿ. ಇವತ್ತು ಅದಕ್ಕೆ ತಕ್ಕ ಶಾಸ್ತಿಯಾಯಿತು.

“ಅದು ಅಪ್ಪನ್ನ ಬಿಟ್ರೆ ಯಾರನ್ನೂ ಕೂರಿಸ್ಕೊಳ್ಳಲ್ಲ,” ಎಂದು ಬ್ಯಾಗಕ್ಕ ಅವಳನ್ನು ಎಬ್ಬಿಸಿದಳು. “ನಾಲ್ಕರಲ್ಲಿ ಒಂದು ಕಾಲು ಗಿಡ್ಡ. ಯಾವ ಕಡೆ ವಾಲ್ಬೇಕು ಅಂತ ಅವರಿಗೊಬ್ಬರಿಗೇ ಗೊತ್ತು.”

ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದ ಭಾವ ಊರುಗೋಲು ಕುಟ್ಟಿ ಕುಟ್ಟಿ ನಕ್ಕ. ಆ ಊರುಗೋಲಿನ ಹಿಡಿಗೆ ಮಗಳು ಕೆಂಪು ಚರ್ಮ ಸುತ್ತಿ ಹೊಲಿದುಕೊಟ್ಟಿದ್ದಳು. ಬೀದಿಯ ಆ ತುದಿಯಿಂದಲೇ ಕಣ್ಣಿಗೆ ಹೊಡೆಯುವಂಥ ಕೆಂಪು.

“ಏಟಾಯ್ತೇನಮ್ಮಾ?”

“ಮರ್ಯಾದೆಗೆ ಆಯ್ತು ಭಾವ. ಸೊಂಟ ಗಟ್ಟಿಯಾಗಿದೆ.”

ಭಾವನೆಂದರೆ ಚಿಕ್ಕಮ್ಮನ ತೀರಿಹೋದ ಅಕ್ಕನ ಗಂಡ. ಅಕ್ಕ ಬಿಟ್ಟುಹೋದದ್ದು ಒಬ್ಬಳೇ ಮಗಳನ್ನು, ಈ ಬ್ಯಾಗಕ್ಕನನ್ನು. ಅವಳು ಬಾಯ್ತುಂಬ ಚಿಕ್ಕಮ್ಮ ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಯೇ ಹಾಗೆ ಕರೆಯತೊಡಗಿತ್ತು. ‘ಪತ್ತೆ’ ಎಂಬುದು ಆಮೇಲೆ ಅಂಟಿದ ಬಿರುದು.

ಭಾವನ ಕೈ ನಡುಗತೊಡಗಿದ ಮೇಲೆ ಬ್ಯಾಗು, ಸೂಟ್‌ಕೇಸು ರಿಪೇರಿಯ ಈ ಅಂಗಡಿ ಮಗಳದಾಗಿತ್ತು. ಆದರೂ ಬೆಳಗಾದರೆ ಅವನು ಆ ಗಿಡ್ಡ ಕುಂಟು ಸ್ಟೂಲಿನ ಮೇಲೆ, ಮಗಳ ಎದುರಿಗೆ ಹಾಜರು. ಹೊಲಿದು ಮುಗಿದ ಕೂಡಲೇ ಹೆಬ್ಬೆರಳಿನ ಉಗುರನ್ನು ಹೊಲಿಗೆಯ ಮೇಲೆ ಹಿಮ್ಮುಖವಾಗಿ ಎಳೆದು, ಕಿವಿ ವಾಲಿಸಿ ಆ ಟಿಕ್ಕುಟಿಕ್ಕು ಸದ್ದು ಕೇಳುತ್ತಿದ್ದ. ಸದ್ದು ಒಂದೇ ಸಮ ಬಂದರೆ ಹೊಲಿಗೆ ಪಾಸು. ಹಾಗೆ ಹೊಲಿಗೆಯನ್ನು ಕಿವಿಯಿಂದ ನೋಡುವವರು ಬೇರೆ ಯಾರೂ ಇಲ್ಲವೆಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಮೇಜಿನ ಮೇಲಿದ್ದ ಬ್ಯಾಗಕ್ಕನ ಫೋನು ಗುಂಯ್‌ಗುಟ್ಟಿತು. ಭಾವ ಅದನ್ನು ಊರುಗೋಲಿನ ತುದಿಯಿಂದ ಹಾವನ್ನು ತಳ್ಳುವ ಹಾಗೆ ಮಗಳ ಕಡೆ ತಳ್ಳಿದ.

“ತಗೋಳಮ್ಮಾ ನಿನ್ನ ಡಬ್ಬಿ. ಇದನ್ನ ಎಲ್ಲಿ ಒತ್ತೋದು ಅಂತ ನಂಗೊತ್ತಿಲ್ಲ, ಗೊತ್ತಾಗೋದೂ ಬೇಡ.”

ಕರೆ ಮಾಡಿದವರು ಸಣ್ಣ ಅಂಗಡಿಗಳ ನೆರವು ನಿಧಿಯವರು. ಮಧ್ಯಾಹ್ನದ ವಿಚಾರಣೆಗೆ ತಡಮಾಡದೆ ಬನ್ನಿ ಎಂದರು. ಫೋನಿಟ್ಟ ಬ್ಯಾಗಕ್ಕನ ಮುಖ ಸುಣ್ಣವಾಗಿತ್ತು.

ಆಗಿದ್ದು ಇಷ್ಟು. ಮೇಲ್ಸೇತುವೆ ಬಂದ ಮೇಲೆ ಈ ಬೀದಿಗೆ ಜನರ ಕಾಲೇ ಬೀಳುತ್ತಿರಲಿಲ್ಲ. ದೂರದೂರದವರು ಮಾತ್ರ ಯಾರೋ ಹೇಳಿದರೆಂದು ಫೋನ್ ಮಾಡಿ, ಪಾರ್ಸೆಲ್‌ನಲ್ಲಿ ಕಳಿಸಲೇ ಎಂದು ಕೇಳುತ್ತಿದ್ದರು. ಒಂದು ವೆಬ್‌ಸೈಟ್ ಇದ್ದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಬ್ಯಾಂಕಿನವರು ಹಳೇ ಬ್ಯಾಗ್ ಹೊಲಿಯೋರಿಗೆ ವೆಬ್‌ಸೈಟ್ ಯಾಕೆ ಎಂದು ನಕ್ಕು ಕಳಿಸಿದ್ದರು. ವರ್ತಕರ ಸಂಘದವರು ಕೈತುಂಬ ಆಶೀರ್ವಾದ ಮಾಡಿದ್ದರು, ಆಶೀರ್ವಾದ ಮಾತ್ರ. ಕೊನೆಗೆ ಬೀದಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಎಲ್ಲರ ಅರ್ಜಿ ತುಂಬಿಕೊಡುವ ಅರ್ಜಿ ಅಣ್ಣ ಈ ನಿಧಿಯನ್ನು ಹುಡುಕಿ ತಂದಿದ್ದ. ವಾಪಸು ಕೊಡಬೇಕಿಲ್ಲದ ನೆರವು, ಅದೂ ವೆಬ್‌ಸೈಟಿಗೆಂದೇ. ಷರತ್ತು ಒಂದೇ: ಸ್ವಂತ ಕೆಲಸ, ಅದರ ಸ್ವಂತ ಚಿತ್ರ.

ಬ್ಯಾಗಕ್ಕ ನಾಲ್ಕು ಚಿತ್ರ ತೆಗೆದು ಕೊಟ್ಟಳು. ಬಂದದ್ದು ನೆರವಲ್ಲ, ನೋಟಿಸು. ಇವೇ ನಾಲ್ಕು ಚಿತ್ರ ಮುಖ್ಯರಸ್ತೆಯಲ್ಲಿ ಗಾಜಿನ ಗೋಡೆಯ ಹಿಂದೆ ಹೊಸ ಬ್ಯಾಗು ಮಾರುವ ಗಾಜಿನಂಗಡಿಯಿಂದ ಮೊದಲೇ ಬಂದಿವೆ, ನೀವು ಕದ್ದದ್ದಲ್ಲವೆಂದು ತೋರಿಸಿ, ಇಲ್ಲವಾದರೆ ನಿಮ್ಮ ಅಂಗಡಿಯ ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ ಎಂದು. ಅಲ್ಲಿಗೆ ಹೋದ ಹೆಸರಿಗೆ ಇನ್ನಾವ ನಿಧಿಯೂ ಬಾಗಿಲು ತೆರೆಯುವುದಿಲ್ಲ.

“ಅಪ್ಪನ ಹೆಸರಲ್ಲಿರೋ ಅಂಗಡಿ ಚಿಕ್ಕಮ್ಮ. ಕಳ್ಳರ ಅಂಗಡಿ ಅನ್ನಿಸ್ಕೊಂಡು ಮುಚ್ಬೇಕಾ?”

“ಅಳೋದನ್ನ ಸಂಜೆಗಿಟ್ಕೋ. ನೋಟಿಸ್ ಜೊತೆ ಬಂದ ಅವನ ಚಿತ್ರ ಕೊಡಿಲ್ಲಿ.”

“ನಾನದನ್ನ ನೋಡೇ ಇಲ್ಲ. ಕಳವು ಅನ್ನೋ ಪದ ಓದಿದ್ಮೇಲೆ ಕಣ್ಣು ಮುಂದಕ್ಕೆ ಹೋಗ್ಲಿಲ್ಲ.”

ಚಿಕ್ಕಮ್ಮ ಗಾಜಿನಂಗಡಿಯವನ ಚಿತ್ರವನ್ನು ಕೈಯಲ್ಲಿ ಹಿಡಿದಳು. ಮೇಜಿನ ಮೇಲೆ ಹಳೆಯ ಕಂದು ಸೂಟ್‌ಕೇಸು, ಒಂದು ಮೂಲೆಗೆ ಹೊಸ ಚರ್ಮದ ತೇಪೆ, ಹಿಂದೆ ಹೊಲಿಗೆ ಮಿಶಿನ್. ಚಿತ್ರ ನೋಡಿದಳು. ತಲೆಯೆತ್ತಿ ಅಂಗಡಿಯ ಮಿಶಿನ್ ನೋಡಿದಳು. ಮತ್ತೆ ಚಿತ್ರ, ಮತ್ತೆ ಮಿಶಿನ್.

“ಸ್ವಲ್ಪ ಮಿಶಿನ್ ಓಡಿಸು ನೋಡೋಣ.”

ಬ್ಯಾಗಕ್ಕ ಏನೂ ತಿಳಿಯದೆ ಕೂತು, ಕೈಚಾಚಿ ಚಕ್ರ ತಿರುಗಿಸಿದಳು. ಚಿಕ್ಕಮ್ಮನ ತುಟಿಯಂಚಿನಲ್ಲಿ ಸಣ್ಣದೊಂದು ನಗು ಇಣುಕಿತು. ವಿಮಾ ಕಂಪನಿಯಲ್ಲಿ ಆ ನಗು ಕಂಡವರು ತಮ್ಮ ಕ್ಲೇಮನ್ನು ತಾವೇ ಹಿಂದಕ್ಕೆ ತೆಗೆದುಕೊಂಡು ಹೋಗುತ್ತಿದ್ದರಂತೆ.

“ಈ ಚಿತ್ರದಲ್ಲಿರೋ ಸೂಟ್‌ಕೇಸ್ ಯಾರದು? ಈಗೆಲ್ಲಿದೆ?”

“ಜಾದೂಗಾರಂದು. ಪ್ರದರ್ಶನ ಅಂತ ಊರೂರು ಸುತ್ತೋಕೆ ಹೋಗಿದ್ದಾನೆ, ಇನ್ನೂ ತಗೊಂಡೋಗಿಲ್ಲ. ಮೇಜಿನ ಕೆಳಗಿದೆ.”

“ಒಂದು ಚೀಲದಲ್ಲಿ ಹಾಕ್ಕೊಂಡು ಬಾ. ನಾನು ಹೇಳೋವರೆಗೂ ಅದ್ರ ಮೂತಿ ಯಾರಿಗೂ ಕಾಣ್ಬಾರ್ದು. ನಿನ್ನ ಬಾಯಿಗೂ ಒಂದು ಬೀಗ ಹಾಕ್ಕೋ.”

ಹೊರಡುವಾಗ ಭಾವ ಬಾಗಿಲವರೆಗೆ ಬಂದ. ಏನೋ ಹೇಳಲು ಬಾಯಿ ತೆರೆದು, ಮುಚ್ಚಿದ. ಚಿಕ್ಕಮ್ಮ ಅದನ್ನು ಕಂಡಳು. ವಯಸ್ಸಾದವರ ಗಾಬರಿ ಎಂದುಕೊಂಡು ಮುಂದೆ ನಡೆದಳು.

ನಿಧಿಯ ಕಚೇರಿಯ ಮೊಗಸಾಲೆಯಲ್ಲಿ ಚೌರದಂಗಡಿಯವನಿಂದ ಹಿಡಿದು ಹೂಕುಂಡ ಮಾರುವವಳವರೆಗೆ ನೆರವು ಕೇಳಲು ಬಂದವರು ಸಾಲಾಗಿ ಕೂತಿದ್ದರು. ಸಾಲಿನ ಕೊನೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಅರ್ಜಿ ಅಣ್ಣ. ಅವನಿಗೂ ಕರೆ ಬಂದಿತ್ತು.

“ನಾನಲ್ಲಮ್ಮಾ,” ಎಂದ ಅವನು, ಇನ್ನೂ ಯಾರೂ ಏನೂ ಕೇಳುವ ಮೊದಲೇ. “ಅವಳು ಕೊಟ್ಟ ಚಿತ್ರ ನನ್ನ ಕಂಪ್ಯೂಟರಿಂದ ನಿಧಿಗೆ ಹೋಯ್ತು. ಬೇರೆ ಕಡೆ ಹೋಗಿಲ್ಲ.”

“ಅರ್ಜಿ ಕಳಿಸೋಕೆ ಯಾಕಪ್ಪ ಅಷ್ಟು ತಡ ಮಾಡಿದೆ?”

“ಬರವಣಿಗೆ ತಿದ್ದುತಾ ಇದ್ದೆ. ಕಷ್ಟ ಹೇಳ್ಕೊಂಡ್ರೆ ಈ ಜನ ಕರಗಲ್ಲ ಚಿಕ್ಕಮ್ಮ. ವೆಬ್‌ಸೈಟ್ ಬಂದ್ರೆ ಯಾರು ಗಿರಾಕಿ, ಅವರು ಹೆಂಗೆ ಬ್ಯಾಗ್ ಕಳಿಸ್ತಾರೆ, ನಾವು ಹೆಂಗೆ ವಾಪಸ್ ಕಳಿಸ್ತೀವಿ, ಇದೆಲ್ಲ ಬಿಡಿಸಿ ಹೇಳ್ಬೇಕು. ಅದನ್ನ ಬರೀತಾ ಇದ್ದೆ. ಅಷ್ಟರಲ್ಲಿ ಅವನು ಮುಂದಾದ.”

ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಚಿತ್ರಗಳು ಬ್ಯಾಗಕ್ಕನ ಕೈಬಿಟ್ಟು ಹೋದದ್ದು ಇವನೊಬ್ಬನ ಬಳಿಗೆ. ಚಿಕ್ಕಮ್ಮ ಅವನ ಮುಖವನ್ನು ಅಳೆದು ನೋಡಿ ಒಳಗೆ ನಡೆದಳು.

ಒಳಗೆ ಒಂದೇ ಫ್ಯಾನು. ಅದರ ಗಾಳಿಯೆಲ್ಲ ನಿಧಿಯ ಮೇಡಂಗೆ. ಅವರು ಎದುರಿನ ಕುರ್ಚಿ ತೋರಿಸಿದರು. ಚಿಕ್ಕಮ್ಮ ಅದನ್ನು ಬಿಟ್ಟು, ಕಿಟಕಿಯ ಪಕ್ಕ ಫೈಲು ಹೇರಿದ್ದ ಕುರ್ಚಿಯಿಂದ ಫೈಲುಗಳನ್ನಿಳಿಸಿ ಕೂತಳು. ಮೇಡಂ ಹುಬ್ಬೇರಿಸಿದರು.

ಗಾಜಿನಂಗಡಿಯವನು ಆಗಲೇ ಬಂದಿದ್ದ. ಮೂವತ್ತರ ಆಸುಪಾಸು, ಇಸ್ತ್ರಿಯ ಗೆರೆ ಮುರಿಯದ ಅಂಗಿ, ಕೋಣೆ ತುಂಬುವ ಅತ್ತರು. ಮುಖ ಮಾತ್ರ ಬಾಡಿತ್ತು, ಗಡಿಯಾರ ಮಣಿಕಟ್ಟಿನಲ್ಲಿ ಸಡಿಲವಾಗಿ ಜಾರುತ್ತಿತ್ತು. ಅವನು ತನ್ನ ವೆಬ್‌ಸೈಟಿನ ಮಾದರಿ ಪುಟವನ್ನು ಮೇಡಂ ಎದುರಿನ ಪರದೆಯ ಮೇಲೆ ತೆರೆದಿಟ್ಟಿದ್ದ. ಮೇಲ್ಗಡೆ ಯಾವುದೋ ಕೈಗಳ ದೊಡ್ಡ ಚಿತ್ರ, ಕೆಳಗೆ ಆ ನಾಲ್ಕು.

“ನಮ್ಮಲ್ಲಿ ಹೊಸ ಬ್ಯಾಗೂ ಇದೆ, ಈಗ ರಿಪೇರಿನೂ ಇದೆ ಮೇಡಂ,” ಎಂದ ನಯವಾಗಿ. “ಪಾಪ, ಇವರು ನಮ್ಮ ಪುಟ ಎಲ್ಲೋ ನೋಡಿರ್ಬೇಕು. ಕಷ್ಟದಲ್ಲಿರೋರು. ನಂಗೇನೂ ದ್ವೇಷ ಇಲ್ಲ.”

ಬ್ಯಾಗಕ್ಕನ ಕೈ ಚೀಲದ ಹಿಡಿಯನ್ನು ಹಿಚುಕಿತು. ಬಾಯಿಗೆ ಹಾಕಿದ ಬೀಗ ಮಾತ್ರ ಹಾಗೇ ಇತ್ತು.

ಮೇಡಂ ಚಿಕ್ಕಮ್ಮನ ಕಡೆ ತಿರುಗಿದರು. “ಒಂದೇ ಚಿತ್ರ ಎರಡು ಸಲ ಬಂದ್ರೆ ನಮ್ಮ ಕಂಪ್ಯೂಟರ್ ಹಿಡಿಯುತ್ತೆ. ಇವು ಬೇರೆ ಬೇರೆ ಅಂತು. ನನ್ನ ಕಣ್ಣಿಗೆ ಮಾತ್ರ ಸಮಾಧಾನ ಆಗ್ಲಿಲ್ಲ. ಇವರ ಅರ್ಜಿ ಮೊದಲು ಬಂದಿದೆ. ನೀವೇನಂತೀರಿ?”

“ನಾನು ಅನ್ನೋದೇನಿಲ್ಲ ಮೇಡಂ. ಇವರಿಂದ ಒಂದಷ್ಟು ಕಲಿಯೋಣ ಅಂತ ಬಂದೆ.” ಚಿಕ್ಕಮ್ಮ ಧ್ವನಿಗೆ ಬೆಣ್ಣೆ ಹಚ್ಚಿದಳು. “ಏನಪ್ಪಾ, ಈ ಚಿತ್ರ ನಿಮ್ಮ ಅಂಗಡೀಲೇ ತೆಗೆದಿದ್ದಾ?”

“ನಮ್ಮ ವರ್ಕ್‌ಶಾಪಲ್ಲಿ.”

“ಏನೂ ತಿದ್ದಿಲ್ಲ ತಾನೆ? ಈಗೆಲ್ಲ ಏನೇನೋ ಮಾಡ್ತಾರಂತಲ್ಲ.”

“ತಿದ್ದೋ ಚಟ ನಂಗಿಲ್ಲ. ತೆಗೆದಿದ್ದು ತೆಗೆದ ಹಾಗೇ ಇದೆ.”

“ಮೇಡಂ, ಇದನ್ನ ಬರ್ಕೊಂಡ್ರಾ?”

ಮೇಡಂ ಬರೆದುಕೊಂಡರು.

“ಹಿಂದೆ ಕಾಣ್ತಿರೋ ಮಿಶಿನ್ನೂ ನಿಮ್ದೇ. ಅದ್ರ ಚಕ್ರ ಯಾವ ಕಡೆ ಇದೆಯಪ್ಪ?”

ಗಾಜಿನಂಗಡಿಯವನ ಕಣ್ಣು ಪರದೆಗೆ ಹೋಯಿತು, ಅಲ್ಲೇ ನಿಂತಿತು. ತಿದ್ದಿಲ್ಲ ಎಂದು ಬರೆಸಿ ಆಗಿತ್ತು.

“ಎಡಗಡೆ,” ಎಂದ.

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ನಮ್ಮಮ್ಮ ಹೊಲಿಗೆ ಹಾಕಿಯೇ ನನ್ನ ಓದಿಸಿದ್ದು. ಶಾಲೆಯಿಂದ ಬಂದು ಮಿಶಿನ್ನಿನ ಬಲಗಡೆ ಕೂತು ಆ ಚಕ್ರ ತಿರುಗಿಸ್ತಿದ್ದೆ. ಎಡಗಡೆ ಚಕ್ರ ಇರೋ ಮಿಶಿನ್ ನಾನು ನೋಡಿಲ್ಲ.”

“ಅದು... ಎಡಗೈಯವರಿಗೆ ಅಂತ ಹೇಳಿ ಮಾಡಿಸಿದ್ದು ಮೇಡಂ. ನಮ್ಮ ಕೆಲಸಗಾರ ಎಡಚ.”

ಚಿಕ್ಕಮ್ಮ ಮನಸ್ಸಿನಲ್ಲೇ ಶಹಬ್ಬಾಸ್ ಎಂದಳು. ಸುಳ್ಳುಗಾರ ಓಡತೊಡಗಿದರೆ ತಡೆಯಬಾರದು, ಇನ್ನೂ ಸ್ವಲ್ಪ ದಾರಿ ಬಿಟ್ಟುಕೊಡಬೇಕು. ವಿಮಾ ಕಂಪನಿ ಅವಳಿಗೆ ಕಲಿಸಿದ್ದು ಅದನ್ನೇ.

“ಇರಬಹುದು, ಇರಬಹುದು. ನಂಗೆ ಮಿಶಿನ್ ವಿಷಯ ಅಷ್ಟು ತಿಳಿಯಲ್ಲ. ಸೂಟ್‌ಕೇಸ್ ವಿಷಯ ಹೇಳಪ್ಪ. ಹಿಡಿ ನಮ್ಮ ಕಡೆ ಇಟ್ಕೊಂಡು ನೋಡಿದ್ರೆ ಯಾವ ಮೂಲೆ ಒಡೆದಿತ್ತು?”

ಅವನು ಈ ಸಲ ಪರದೆಯನ್ನು ನೋಡಿಯೇ ಹೇಳಿದ, ಧೈರ್ಯವಾಗಿ. “ಎಡ ಮೂಲೆ. ಚಿತ್ರದಲ್ಲೇ ಕಾಣ್ತಿದೆಯಲ್ಲ. ನಾನೇ ನಿಂತು ತೇಪೆ ಹಾಕಿಸಿದ್ದು.”

“ಎಡ ಮೂಲೆ. ಗ್ಯಾರಂಟಿ?”

“ಗ್ಯಾರಂಟಿ.”

“ಮಗಳೇ, ಜಾದೂಗಾರನ ಪೆಟ್ಟಿಗೆ ತೆಗಿ.”

ಬ್ಯಾಗಕ್ಕ ಚೀಲದ ಬಾಯಿ ಬಿಚ್ಚಿ, ಕಂದು ಸೂಟ್‌ಕೇಸನ್ನು ಎತ್ತಿ, ಹಿಡಿಯನ್ನು ಮೇಡಂ ಕಡೆ ಮಾಡಿ ಮೇಜಿನ ಮೇಲಿಟ್ಟಳು. ಅದೇ ಹಿತ್ತಾಳೆ ಬೀಗ, ಅದೇ ಗೀರು, ಅದೇ ಹೊಸ ಚರ್ಮದ ತೇಪೆ. ತೇಪೆ ಬಲ ಮೂಲೆಯಲ್ಲಿತ್ತು.

ಮೇಡಂ ಪರದೆಯ ಕಡೆ ನೋಡಿದರು, ಮತ್ತೆ ಪೆಟ್ಟಿಗೆಯ ಕಡೆ.

ಚಿಕ್ಕಮ್ಮ ಎದ್ದು ನಿಂತಳು. ಗಾಜಿನಂಗಡಿಯವನ ಚಿತ್ರದ ಹಾಳೆಯನ್ನು ಹಿಂದುಮುಂದು ಮಾಡಿ, ಬೆನ್ನು ತನ್ನ ಕಡೆ ಬರುವಂತೆ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹೊರಗಿನ ಬಿಸಿಲು ತೆಳು ಹಾಳೆಯನ್ನು ತೂರಿ ಬಂತು. ತೇಪೆ ಬಲಕ್ಕೆ ಬಂತು. ಮಿಶಿನ್ನಿನ ಚಕ್ರವೂ ಬಲಕ್ಕೆ ಬಂತು. ಪಕ್ಕದಲ್ಲಿ ಬ್ಯಾಗಕ್ಕನ ಚಿತ್ರವನ್ನು ಹಿಡಿದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ಕಂಪ್ಯೂಟರ್‌ಗೆ ಮೋಸ ಮಾಡೋಕೆ ಇವರು ಚಿತ್ರಾನ ಮಗುಚಿ ಹಾಕಿದ್ದಾರೆ ಮೇಡಂ. ಚಿತ್ರ ಮಗುಚಿತು. ಸೂಟ್‌ಕೇಸ್ ಮಗುಚಲಿಲ್ಲ. ಆ ಎಡಗೈ ಕೆಲಸಗಾರನ್ನ ಕರೆಸಿ, ಪಾಪ, ಅವನನ್ನೂ ಒಂದ್ಸಲ ಕಣ್ತುಂಬ ನೋಡೋಣ.”

ಮೊಗಸಾಲೆಯ ಬಾಗಿಲು ಯಾವಾಗಲೋ ತೆರೆದಿತ್ತು. ಕಾಯುತ್ತಿದ್ದವರೆಲ್ಲ ಕತ್ತು ಚಾಚಿ ನಿಂತಿದ್ದರು. ಚೌರದಂಗಡಿಯವನು ಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಯಾರು ತಟ್ಟಲಿಲ್ಲ ಎಂದು ಹೇಳುವುದೇ ಕಷ್ಟ. ಹೂಕುಂಡದವಳಂತೂ ತನ್ನದೇ ಅರ್ಜಿ ಪಾಸಾದಂತೆ ಕಣ್ಣೊರೆಸಿಕೊಂಡಳು.

ಬ್ಯಾಗಕ್ಕನ ಬಾಯಿಯ ಬೀಗ ಒಡೆಯಿತು.

“ಆ ತೇಪೆಗೆ ನಾನು ಎರಡು ಸೂಜಿ ಹಾಕಿ ಹೊಲಿದಿದ್ದೀನಿ ಮೇಡಂ! ಒಂದೇ ದಾರದ ಎರಡು ತುದಿಗೂ ಸೂಜಿ, ಒಂದೇ ತೂತಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಒಂದು ಎಳೆ ಕಿತ್ತೋದ್ರೂ ಇನ್ನೊಂದು ಬಿಡಲ್ಲ. ನಮ್ಮಪ್ಪ ಕಲಿಸಿದ್ದು. ನಮ್ಮದು ಕಳ್ಳರ ಅಂಗಡಿ ಅಲ್ಲ!”

“ಅಲ್ಲಮ್ಮಾ,” ಎಂದರು ಮೇಡಂ. ಎದ್ದು ಫ್ಯಾನನ್ನು ಅವಳ ಕಡೆ ತಿರುಗಿಸಿದರು. “ನಿಮ್ಮ ಅರ್ಜಿ ಮಂಜೂರು. ಪೂರ್ತಿ.”

ಚಿಕ್ಕಮ್ಮನಿಗೆ ಅಕ್ಕ ನೆನಪಾದಳು. ಇದ್ದಿದ್ದರೆ ಈ ಹೊತ್ತು ಹೇಗೆ ಬೀಗುತ್ತಿದ್ದಳೋ! ಖುಷಿಯೆಂದರೆ ಖುಷಿ. ಇಂಥ ಖುಷಿಗಾಗಿ ಇನ್ನೂ ನಾಲ್ಕು ಸ್ಟೂಲಿನಿಂದ ಬೀಳಲು ಅವಳು ತಯಾರಿದ್ದಳು.

ಆಗಲೇ ಅವಳ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಗಾಜಿನಂಗಡಿಯವನು ವಾದ ಮಾಡುತ್ತಿರಲಿಲ್ಲ, ಓಡಿಹೋಗುತ್ತಲೂ ಇರಲಿಲ್ಲ. ಸೂಟ್‌ಕೇಸಿನ ಪಕ್ಕಕ್ಕೆ ಬಂದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಹೆಬ್ಬೆರಳಿನ ಉಗುರನ್ನು ತೇಪೆಯ ಹೊಲಿಗೆಯ ಮೇಲೆ ಹಿಮ್ಮುಖವಾಗಿ ಎಳೆದ. ಎಳೆಯುವಾಗ ಅವನ ಕಿವಿ ಅತ್ತ ವಾಲಿತ್ತು.

“ಆ ಚಿತ್ರಗಳನ್ನ ನಿಮಗೆ ಕೊಟ್ಟವರು ಯಾರು?” ಮೇಡಂ ಗದರಿದರು.

ಅವನು ಕೈ ಹಿಂದಕ್ಕೆ ತೆಗೆದ. “ಏನು ಬೇಕಾದ್ರೂ ಮಾಡ್ಕೊಳ್ಳಿ. ಹೆಸರು ಹೇಳಲ್ಲ.”

ಎಲ್ಲರ ಕಣ್ಣೂ ಬಾಗಿಲಲ್ಲಿದ್ದ ಅರ್ಜಿ ಅಣ್ಣನ ಮೇಲೆ ಬಿದ್ದವು. ಅವನು ಹಿಡಿಯಷ್ಟಾದ.

“ನಾನು ಕೊಟ್ಟಿಲ್ಲ, ನನ್ನ ಮಾತು ನಂಬಿ!”

“ನಾಳೆಯೊಳಗೆ ನೀವಿಬ್ಬರೂ ಲಿಖಿತ ಹೇಳಿಕೆ ಕೊಡಬೇಕು,” ಎಂದರು ಮೇಡಂ, ಬ್ಯಾಗಕ್ಕ ಮತ್ತು ಚಿಕ್ಕಮ್ಮನ ಕಡೆ ನೋಡಿ. “ಚಿತ್ರ ಯಾರ ಕೈಯಿಂದ ಆಚೆ ಹೋಯ್ತು ಅಂತ. ಪೊಲೀಸರಿಗೆ ದೂರು ಕೊಡೋದು ಅದ್ರ ಮೇಲೇ. ಅಲ್ಲಿವರೆಗೆ ಬಾಗಿಲಲ್ಲಿರೋ ಇವರು ಬರೆದ ಯಾವ ಅರ್ಜಿನೂ ನಾವು ಮುಟ್ಟಲ್ಲ.”

ಮೊಗಸಾಲೆಯ ಅರ್ಧ ಜನರ ಅರ್ಜಿ ಬರೆದವನು ಅವನೇ. ಚಪ್ಪಾಳೆ ತಟ್ಟಿದ ಕೈಗಳು ಈಗ ಅವನತ್ತ ಬೆರಳು ಮಾಡತೊಡಗಿದವು.

ಮೇಡಂ ಗಾಜಿನಂಗಡಿಯ ಮಾದರಿ ಪುಟವನ್ನು ಪೂರ್ತಿಯಾಗಿ ಮುದ್ರಿಸಿ ಚಿಕ್ಕಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಮಡಚಿ ಚೀಲಕ್ಕೆ ಸೇರಿಸಿದಳು.

ಬಸ್ಸಿನಲ್ಲಿ ಬ್ಯಾಗಕ್ಕ ಕೂತಲ್ಲಿ ಕೂರಲಿಲ್ಲ. ಸೂಟ್‌ಕೇಸನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ವೆಬ್‌ಸೈಟಿನಲ್ಲಿ ಏನು ಹಾಕಬೇಕು, ಏನು ಬಿಡಬೇಕು ಎಂದು ಒಂದೇ ಸಮನೆ ಹರಟಿದಳು.

“ಮೊದಲನೇ ಪುಟದಲ್ಲಿ ಅಪ್ಪನ ಸ್ಟೂಲ್ ಹಾಕ್ತೀನಿ ಚಿಕ್ಕಮ್ಮ. ಕೆಳಗೆ, ಇದರ ಮೇಲೆ ಕೂರಬೇಡಿ, ಚಿಕ್ಕಮ್ಮನೇ ಬಿದ್ದಿದ್ದಾರೆ ಅಂತ ಬರೀತೀನಿ.”

“ಬರಿ, ಬರಿ. ಮಾನನಷ್ಟದ ಕೇಸ್ ಹಾಕಿ ನಿನ್ನ ನೆರವೆಲ್ಲ ನಾನೇ ತಗೋತೀನಿ.”

ನಗುತ್ತಲೇ ಚಿಕ್ಕಮ್ಮ ಆ ಮುದ್ರಿತ ಹಾಳೆಯನ್ನು ಬಿಡಿಸಿದಳು. ಪುಟದ ಮೇಲ್ಗಡೆಯ ಕೈಗಳ ದೊಡ್ಡ ಚಿತ್ರ. ಕಚೇರಿಯಲ್ಲಿ ಇದರ ಮೇಲೆ ಯಾರ ಗಮನವೂ ಹೋಗಿರಲಿಲ್ಲ, ಅವಳದೂ ಹೋಗಿರಲಿಲ್ಲ.

ಜಾದೂಗಾರನ ಸೂಟ್‌ಕೇಸು, ಅರ್ಧ ಹೊಲಿದ ತೇಪೆ, ಎರಡು ಕೈ, ಎರಡು ಸೂಜಿ. ಒಂದು ಕೈಯ ಬೆರಳಿನಲ್ಲಿ ಅಕ್ಕನ ಹಳೆಯ ಉಂಗುರ.

ಬ್ಯಾಗಕ್ಕನ ಕೈಗಳು. ಎರಡೂ ಹೊಲಿಗೆಯಲ್ಲಿವೆ. ಹಾಗಾದರೆ ಫೋನು ಹಿಡಿದವರು ಯಾರು?

“ನೀನು ಅರ್ಜಿ ಅಣ್ಣಂಗೆ ಕೊಟ್ಟಿದ್ದು ನಾಲ್ಕೇ ಚಿತ್ರನಾ?” ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತ ಕೇಳಿದಳು.

“ನಾಲ್ಕೇ. ಹೊಲಿದು ಮುಗಿದ ಮೇಲೆ ನಾನೇ ತೆಗೆದಿದ್ದು.”

“ನೀನು ಹೊಲೀತಿರೋವಾಗ ಯಾರಾದ್ರೂ ತೆಗೆದಿದ್ರಾ?”

“ಯಾರು ತೆಗೀತಾರೆ? ಸೂಜಿ ಹಿಡಿದ್ರೆ ನಂಗೆ ಲೋಕನೇ ಕಾಣಲ್ಲ. ಎದುರಿಗಿರೋದು ಅಪ್ಪ. ಅವರಿಗೆ ಫೋನಂದ್ರೇ ಆಗಲ್ಲ. ಯಾಕೆ?”

“ಸುಮ್ನೆ.”

ಅರ್ಜಿ ಅಣ್ಣನ ಕಂಪ್ಯೂಟರಿಗೆ ಈ ಚಿತ್ರ ಹೋಗಿಯೇ ಇರಲಿಲ್ಲ. ಇದನ್ನು ಕೊಟ್ಟ ಕೈಯೇ ಮೇಜಿನ ಮೇಲೆ ಬಿದ್ದಿರುವ ಬ್ಯಾಗಕ್ಕನ ಫೋನಿನಿಂದ ಆ ನಾಲ್ಕನ್ನೂ ತೆಗೆದು ಕೊಟ್ಟಿರಬೇಕು, ಅವನು ನಿರಪರಾಧಿ. ಚಿಕ್ಕಮ್ಮ ಹಾಳೆಯನ್ನು ಕಣ್ಣಿಗೆ ಹತ್ತಿರ ತಂದಳು. ಚಿತ್ರ ತೆಗೆದದ್ದು ತಗ್ಗಿನಿಂದ, ಕೈಗಳನ್ನು ಕೆಳಗಿನಿಂದ ನೋಡುವ ಹಾಗೆ. ನಿಂತವರಿಗೂ ಕುರ್ಚಿಯಲ್ಲಿ ಕೂತವರಿಗೂ ಆ ನೋಟ ಸಿಗುವುದಿಲ್ಲ. ಗಿಡ್ಡ ಸ್ಟೂಲಿನಲ್ಲಿ ಕೂತವರಿಗೆ ಮಾತ್ರ ಸಿಗುತ್ತದೆ. ಆ ಅಂಗಡಿಯಲ್ಲಿ ಇರುವುದು ಒಂದೇ ಗಿಡ್ಡ ಸ್ಟೂಲು, ಅದರ ಮೇಲೆ ಕೂರಬಲ್ಲವರೂ ಒಬ್ಬರೇ.

ಚಿತ್ರದ ಕೆಳಮೂಲೆಯಲ್ಲಿ ಮಸುಕಾದ ಒಂದು ಕೆಂಪು ಪಟ್ಟಿಯಿತ್ತು. ಊರುಗೋಲಿನ ಹಿಡಿ.

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿದಳು. ಪಕ್ಕದಲ್ಲಿ ಬ್ಯಾಗಕ್ಕ ಇನ್ನೂ ನಗುತ್ತಿದ್ದಳು. ಆ ನಗುವನ್ನು ಕೆಡಿಸುವ ಮನಸ್ಸು ಅವಳಿಗೆ ಬರಲಿಲ್ಲ.

ಸುದ್ದಿ ಬಸ್ಸಿಗಿಂತ ಮೊದಲೇ ಬೀದಿ ಸೇರಿತ್ತು. ಅಂಗಡಿಗಳವರೆಲ್ಲ ಹೊರಗೆ ಬಂದು ನಿಂತಿದ್ದರು. ಯಾರೋ ಖಾಲಿ ಡಬ್ಬ ಬಡಿದರು, ಯಾರೋ ಸಿಳ್ಳೆ ಹಾಕಿದರು. ವರ್ತಕರ ಸಂಘದ ಅಧ್ಯಕ್ಷರು ಇದೆಲ್ಲ ತಮ್ಮ ಆಶೀರ್ವಾದದ ಫಲ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಬ್ಯಾಗಕ್ಕ ಸೂಟ್‌ಕೇಸನ್ನು ತಲೆಯ ಮೇಲೆತ್ತಿ ಹಿಡಿದು ನಡೆದಳು. ಗೆದ್ದು ಬಂದವರು ನಡೆಯುವುದೇ ಹಾಗೆ.

ಭಾವ ಬಾಗಿಲಲ್ಲೇ ಇದ್ದ. ಮಗಳು ಓಡಿಹೋಗಿ ತಬ್ಬಿದಳು.

“ಗೆದ್ವಿ ಅಪ್ಪಾ! ನಿನ್ನ ಹೊಲಿಗೆ ಗೆಲ್ತು!”

“ಗೊತ್ತಿತ್ತು ಮಗಳೇ. ನೀನು ಗೆಲ್ತೀಯ ಅಂತ ಗೊತ್ತಿತ್ತು.” ಮುದುಕನ ಕಣ್ಣಲ್ಲಿ ನೀರು ದಳದಳ ಸುರಿಯಿತು. ಅದರಲ್ಲಿ ನಾಟಕವಿರಲಿಲ್ಲ. ಅಷ್ಟು ವರ್ಷ ಸುಳ್ಳು ಸೋಸಿದ ಚಿಕ್ಕಮ್ಮ ಆಣೆ ಮಾಡಿ ಹೇಳಬಲ್ಲಳು, ಆ ಸಂತೋಷ ಅಪ್ಪಟ.

ಬ್ಯಾಗಕ್ಕನನ್ನು ಜನ ಎಳೆದುಕೊಂಡು ಹೋದರು. ಬಾಗಿಲಲ್ಲಿ ಇಬ್ಬರೇ ಉಳಿದರು.

ಭಾವನ ಅಂಗಿಯ ಒಳಜೇಬಿನಲ್ಲಿ ಏನೋ ಗುಂಯ್‌ಗುಟ್ಟಿತು. ಎಲ್ಲಿ ಒತ್ತಬೇಕೆಂದು ಗೊತ್ತಿಲ್ಲದ ಮುದುಕ ಸಣ್ಣದೊಂದು ಫೋನು ಹೊರತೆಗೆದು, ಅದನ್ನು ನೋಡಿ, ಹೆಬ್ಬೆರಳಿನ ಒಂದೇ ಒತ್ತಿಗೆ ಕರೆ ಕಡಿದು ಮತ್ತೆ ಜೇಬಿಗಿಳಿಸಿದ. ನಡುಗುವ ಕೈ ಅಷ್ಟು ಹೊತ್ತು ನಡುಗಲೇ ಇಲ್ಲ.

ತಲೆಯೆತ್ತಿದರೆ ಎದುರಿಗೆ ಚಿಕ್ಕಮ್ಮ. ಅವಳ ಕಣ್ಣು ಅವನ ಊರುಗೋಲಿನ ಮೇಲಿತ್ತು.

“ಭಾವ,” ಎಂದಳು ಮೆತ್ತಗೆ. “ನಾಳೆ ನಾನೊಂದು ಹೆಸರು ಬರೆದು ಕೊಡ್ಬೇಕು. ಬರೀದಿದ್ರೆ ಅರ್ಜಿ ಅಣ್ಣನ ಅನ್ನ ಹೋಗುತ್ತೆ. ಯಾರ ಹೆಸರು ಬರೀಲಿ, ನೀವೇ ಹೇಳಿ.”

ಭಾವ ಜನರ ನಡುವೆ ನಗುತ್ತಿದ್ದ ಮಗಳನ್ನು ನೋಡಿದ. ಆಮೇಲೆ ಚಿಕ್ಕಮ್ಮನ ಇನ್ನಷ್ಟು ಹತ್ತಿರ ಬಂದು, ಯಾರಿಗೂ ಕೇಳದಂತೆ, ಹೆತ್ತವರು ಮಾತ್ರ ಕೇಳುವ ಒಂದು ಪ್ರಶ್ನೆ ಕೇಳಿದ.

“ಆ ಗಾಜಿನಂಗಡಿ ಹುಡುಗ... ತುಂಬ ಸೊರಗಿದ್ದಾನೇನಮ್ಮಾ?”